ಸೀಟಿನ ಕೈ ಬಿಚ್ಚಿದವರು

ಹೊಸ ಕುರ್ಚಿ ಕಂಡರೆ ನಾನು ತಕ್ಷಣ ಕೂರುವುದಿಲ್ಲ. ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಸ್ಟಾಫ್ ರೂಮಿನಲ್ಲಿ ಉಳಿದವರು ನಗುತ್ತಾರೆ, ನಗಲಿ. ಈ ಚಟ ನನಗೆ ಹತ್ತಿಸಿದವರು ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಎದುರು ವಾಹನಗಳ ಸೀಟು ಹೊಲಿಯುತ್ತಿದ್ದ ಒಬ್ಬ ಹಿರಿಯರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಇಂಡಿಯ ಅರ್ಧ ಮಂದಿಗೆ ಅದು ಯಾರೆಂದು ತಿಳಿಯಲಿಕ್ಕಿಲ್ಲ. ಎಲ್ಲರಿಗೂ ಅವರು ಚಾಚಾ.

ಚಾಚಾರ ಅಂಗಡಿ ಎಂದರೆ ಒಂದು ತಗಡಿನ ನೆರಳು, ಒಂದು ಹೊಲಿಗೆ ಯಂತ್ರ, ಸುತ್ತಿಟ್ಟ ರೆಕ್ಸಿನ್, ಮೂಲೆಯಲ್ಲಿ ಫೋಮಿನ ತುಂಡುಗಳ ರಾಶಿ. ಟಂಟಂ ಆಟೋ, ಟ್ರ್ಯಾಕ್ಟರ್, ಟೆಂಪೋ, ಶಾಲೆಯ ವ್ಯಾನು, ಸೀಟು ಹರಿದದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಕಸುಬಿನಲ್ಲಿ ಅವರದೊಂದು ನೇಮವಿತ್ತು. ಹೊಲಿದು ಮುಗಿಸಿದ ಸೀಟನ್ನು ಕೂಡಲೇ ಮಾಲೀಕನಿಗೆ ಕೊಡುತ್ತಿರಲಿಲ್ಲ. ಅದರ ಮೇಲೆ ತಾವು ಕೂತು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದರು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ನಿಧಾನವಾಗಿ ಉಂಡು, ಎಲೆ ಅಡಿಕೆ ಹಾಕಿಕೊಂಡು, ಅಷ್ಟಾದ ಮೇಲೂ ನಡು ಹಿಡಿಯದಿದ್ದರೆ ಮಾತ್ರ ಸೀಟು ಪಾಸು. ನಡು ಹಿಡಿಯಿತೋ, ಗಿರಾಕಿ ಎಷ್ಟೇ ಅವಸರ ಮಾಡಲಿ, ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ.

ಒಮ್ಮೆ ಯಂಕಂಚಿಯ ಟೆಂಪೋದವನೊಬ್ಬ ಬಂದು ಎರಡು ಸಾಲು ಸೀಟಿದ್ದಲ್ಲಿ ಮೂರು ಸಾಲು ಮಾಡಿಕೊಡಿ ಎಂದು ಗಂಟುಬಿದ್ದ. ನಾನು ಅಲ್ಲೇ ಬಸ್ಸಿಗೆ ಕಾಯುತ್ತಿದ್ದೆ.

"ಜಾಗಾ ಐತಲ್ರಿ ಚಾಚಾ, ನೋಡ್ರಿ."

"ಜಾಗಾ ಐತಿ, ಮಣಕಾಲಿಗಿಲ್ಲ. ಮಣಕಾಲು ಮನ್ಯಾಗ ಇಟ್ಟ ಬರೋ ಮಂದಿ ಇದ್ರ ಕರ್ಕೊಂಡ ಬಾ. ಮೂರ್ಯಾಕ, ಐದು ಸಾಲು ಹಾಕಿ ಕೊಡ್ತೇನಿ."

ಅವನು ಬೇರೆ ಕಡೆ ಮಾಡಿಸಿಕೊಳ್ಳುತ್ತೇನೆಂದು ಸಿಟ್ಟಿನಿಂದ ಹೋದ. ಚಾಚಾ ಅವನ ಹಿಂದೆ ತಿರುಗಿಯೂ ನೋಡಲಿಲ್ಲ. ಮುಖದಾಕ್ಷಿಣ್ಯ ಎಂಬುದನ್ನು ದೇವರು ಆ ಮನುಷ್ಯನ ಕೈಗೆ ಕೊಡಲು ಮರೆತಿದ್ದ.

ನಾನು ಅವರನ್ನು ಸರಿಯಾಗಿ ತಿಳಿದದ್ದು ಅಂಗಡಿಯಲ್ಲಲ್ಲ, ರೈಲಿನಲ್ಲಿ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇಂಡಿಯಿಂದ ಸ್ಟೇಷನ್ನಿಗೆ ಟಂಟಂ, ಅಲ್ಲಿಂದ ರೈಲು, ಸಂಜೆ ಹಾಗೆಯೇ ವಾಪಸ್ಸು. ಚಾಚಾ ತಮ್ಮ ಹೆಂಡತಿಯನ್ನು ಕರೆದುಕೊಂಡು ಸೋಮವಾರ, ಗುರುವಾರ ಅದೇ ರೈಲಿಗೆ ಬರತೊಡಗಿದರು. ಚಾಚಿ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕಿ ಇಳಿಯುವಾಗ ಏಣಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. ಇನ್ನು ವಾರಕ್ಕೆರಡು ಸಲ ವಿಜಯಪುರಕ್ಕೆ ಹೋಗಿ ಡಾಕ್ಟರ ಮುಂದೆ ವ್ಯಾಯಾಮ ಮಾಡಬೇಕಿತ್ತು. ಆರು ತಿಂಗಳು ತಪ್ಪದೆ ಬಂದರೆ ಎದ್ದು ನಡೆಯುತ್ತಾರೆ, ತಪ್ಪಿಸಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಖದ ಮೇಲೆ ಹೇಳಿದ್ದರು. ಬಸ್ಸಿನ ಕುಲುಕಾಟ ಬೇಡವೇ ಬೇಡ ಎಂದೂ ಹೇಳಿದ್ದರು. ಟಂಟಂನವರು ಹಿಂದಿನ ಸೀಟು ತೆಗೆದು ಗಾದಿ ಹಾಸಿ ಅವರನ್ನು ಸ್ಟೇಷನ್ನಿಗೆ ಮುಟ್ಟಿಸುತ್ತಿದ್ದರು. ಇಂಡಿಯ ಟಂಟಂಗಳ ಸೀಟೆಲ್ಲ ಚಾಚಾರ ಕೈಕೆಲಸವೇ ಆದ್ದರಿಂದ ಯಾರೂ ಇಲ್ಲ ಎನ್ನುತ್ತಿರಲಿಲ್ಲ.

ವ್ಯಾಯಾಮ ಮುಗಿಸಿ ಬರುವಾಗ ಚಾಚಿಗೆ ಕಾಲು ಗಂಟೆಗಿಂತ ಹೆಚ್ಚು ಕೂರಲು ಆಗುತ್ತಿರಲಿಲ್ಲ. ಮಲಗಲೇಬೇಕು. ಹಳೆಯ ರೈಲುಗಾಡಿಯಲ್ಲಿ ಅದೊಂದು ತೊಂದರೆಯೇ ಆಗಿರಲಿಲ್ಲ. ಎದುರುಬದುರು ಉದ್ದನೆಯ ಸೀಟುಗಳು. ಚಾಚಿ ಹತ್ತಿದ ಕೂಡಲೇ ಒಂದು ಸೀಟಿನವರೆಲ್ಲ ಎದ್ದುಬಿಡುತ್ತಿದ್ದರು. ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ನಮ್ಮ ಬ್ಯಾಂಕಿನ ಸಾಹೇಬರು. ಇವರೂ ಇಂಡಿಯವರೇ, ದಿನವೂ ನಮ್ಮ ಜೊತೆ ಓಡಾಡುವವರು. ಎದ್ದು ಬಾಗಿಲ ಬಳಿ ನಿಂತು ಪೇಪರ್ ಓದುತ್ತಿದ್ದರು. ಚಾಚಿ ಮಲಗಿಕೊಂಡೇ ನಮಗೆಲ್ಲ ಉಪ್ಪಿನಕಾಯಿ ಹಾಕುವ ಬಗೆ ಹೇಳಿಕೊಡುತ್ತಿದ್ದರು. ರೈಲು ತಡವಾದರೆ ಯಾರೂ ಬೈಯದೆ ಇದ್ದ ದಿನಗಳು ಅವು.

ಆ ಹಳೆಯ ಗಾಡಿ ಚಂದವಿತ್ತು ಎಂದು ನಾನು ಸುಳ್ಳು ಹೇಳಲಾರೆ. ರೆಕ್ಸಿನ್ ಹರಿದಿತ್ತು, ಫ್ಯಾನು ತಿರುಗಬೇಕಾದರೆ ಪೆನ್ನಿನಿಂದ ಎಬ್ಬಿಸಬೇಕಿತ್ತು, ಸಂಡಾಸಿನ ಕಡೆ ಮೂಗು ತಿರುಗಿಸುವ ಹಾಗಿರಲಿಲ್ಲ. ಹಾಗಾಗಿ ಸಂಜೆಯ ಗಾಡಿ ಬದಲಾಗಿ ಹೊಸದು ಬಂದಾಗ ನಾವೆಲ್ಲ ಕುಣಿದಾಡಿದೆವು. ಬಿಳಿ ಬಣ್ಣ, ತಾನಾಗಿಯೇ ಮುಚ್ಚುವ ಬಾಗಿಲು, ಮುಂದಿನ ಸ್ಟೇಷನ್ನಿನ ಹೆಸರು ತೋರಿಸುವ ಕೆಂಪು ಅಕ್ಷರ. ಸೀಟುಗಳೆಲ್ಲ ಸಿನಿಮಾ ಮಂದಿರದಂತೆ ಒಂದೇ ದಿಕ್ಕಿಗೆ, ಒಬ್ಬೊಬ್ಬರಿಗೆ ಒಂದೊಂದು, ನಡುನಡುವೆ ಮೊಣಕೈ ಊರಲು ಕೈ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕಿದವಳು ನಾನೇ. ಇಡೀ ಜಿಲ್ಲೆ ಹೊಗಳಿತು. ರೈಲಿನ ಹಳಿಯನ್ನೇ ಕಾಣದ ಸಿಂದಗಿಯವರು, ಮುದ್ದೇಬಿಹಾಳದವರು ಎಲ್ಲರಿಗಿಂತ ಜೋರಾಗಿ ಹೊಗಳಿದರು, ಮದುವೆಯಾಗದವರು ಸಂಸಾರದ ಸುಖ ಬಣ್ಣಿಸಿದ ಹಾಗೆ. ದಿನನಿತ್ಯ ಓಡಾಡುವ ನಾವೆಲ್ಲ ಸೇರಿ ರೈಲಿನ ಕಚೇರಿಗೆ ಒಂದು ಅಭಿನಂದನಾ ಪತ್ರವನ್ನೂ ಕಳಿಸಿದೆವು. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಬಂತು. "ಇಂಥ ಸುಖಾಸನಗಳನ್ನು ನಾವು ಕನಸಿನಲ್ಲಿಯೂ ಕಂಡಿರಲಿಲ್ಲ" ಎಂದು ಬರೆದೆ. ಸಹಿ ಹಾಕದೇ ಉಳಿದವರು ಚಾಚಾ ಒಬ್ಬರೇ.

"ಇನ್ನಾ ಕುಂತಿಲ್ಲರಿ ಅಕ್ಕೋರ. ಕುಂತ ಮ್ಯಾಲ ಹೇಳ್ತೇನಿ" ಎಂದಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಮಾಸ್ತರಿಕೆ ಮಾಡಿದರೆ ಅಕ್ಕೋರು.

ಆ ಗುರುವಾರವೇ ಕೂತರು. ಚಾಚಿಯನ್ನು ಮಲಗಿಸಲು ಜಾಗವಿರಲಿಲ್ಲ. ಮೂರು ಸೀಟು ಖಾಲಿ ಮಾಡಿಕೊಟ್ಟೆವು, ಆದರೆ ನಡುವಿನ ಕೈಗಳು ಮೇಲೆತ್ತಲು ಬರುವಂಥವಲ್ಲ, ಬೋಲ್ಟು ಹಾಕಿ ಬಿಗಿದವು. ಮೂರು ಖಾಲಿ ಸೀಟಿದ್ದರೂ ಒಂದು ಹೆಂಗಸು ಮೈ ಚಾಚುವಂತಿಲ್ಲ. ಚಾಚಿ ಎರಡೂ ಅಂಗೈಗಳನ್ನು ಆ ಕೈಗಳ ಮೇಲೆ ಊರಿ, ಬೆನ್ನಿನ ಭಾರವನ್ನು ತೋಳಿನ ಮೇಲೆ ಹೊತ್ತು, ನಮ್ಮ ಸ್ಟೇಷನ್ ಬರುವವರೆಗೆ ತುಟಿ ಕಚ್ಚಿ ಕೂತರು. ಉಪ್ಪಿನಕಾಯಿಯ ಮಾತಿಲ್ಲ. ಇಳಿಯುವಾಗ ಅವರ ಕುಪ್ಪಸ ಬೆವರಿನಿಂದ ತೊಯ್ದಿತ್ತು. ಒಳಗೆ ತಣ್ಣನೆಯ ಗಾಳಿ ಬೀಸುತ್ತಲೇ ಇತ್ತು. ಸೋಮವಾರ ಅವರು ಬರಲಿಲ್ಲ. ಮುಂದಿನ ಗುರುವಾರವೂ ಬರಲಿಲ್ಲ. ಆರು ತಿಂಗಳ ಲೆಕ್ಕ ತಪ್ಪತೊಡಗಿತು.

ಶುಕ್ರವಾರ ಚಾಚಾ ಒಬ್ಬರೇ ಬಂದರು. ಕೂರದೆ, ಒಂದು ಸೀಟಿನ ಮುಂದೆ ಮಂಡಿಯೂರಿ, ಗೇಣು ಹಾಕಿ ಅಳೆಯತೊಡಗಿದರು. ಕೂರುವ ಅಗಲ, ಬೆನ್ನಿನ ಎತ್ತರ, ಮುಂದಿನ ಸೀಟಿಗಿರುವ ಅಂತರ. ಹೆಬ್ಬೆರಳು ಒತ್ತಿ ಫೋಮಿನ ದಪ್ಪ ನೋಡಿದರು. ನಾನು ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

"ಅಂಗಿ ಹೊಲಿಯೂ ಮುಂದ ಅಳತಿ ತಗೋತಾರಲ್ರಿ? ಇದನ್ನ ಮಾಡಿದಾಂವ ಯಾರ ಅಳತಿ ತಗೊಂಡಾನ ಅಂತ ನೋಡಾಕತ್ತೇನಿ."

ಒಂದು ವಾರದಲ್ಲಿ ಅದೇ ಅಳತೆಯ ಮೂರು ಸೀಟಿನ ಸಾಲೊಂದು ಅವರ ಅಂಗಡಿಯ ಮುಂದೆ ಬಂತು. ಅದೇ ಬಾಗು, ಅದೇ ಕೈ, ಮುಂದೆ ಅಷ್ಟೇ ಅಂತರದಲ್ಲಿ ಒಂದು ಹಲಗೆ. ಮೇಲೆ ರಟ್ಟಿನ ಬೋರ್ಡು: "ಹೊಸ ಗಾಡಿ ಹೊಗಳುವವರು ಕುಂಡ್ರಬೇಕು. ಚಹಾ ನಮ್ಮದು." ನಿಯಮ ಇಷ್ಟೇ. ವಿಜಯಪುರದಿಂದ ನಮ್ಮ ಸ್ಟೇಷನ್ನಿಗೆ ಗಾಡಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಏಳುವಂತಿಲ್ಲ.

ಮೊದಲು ಕೂತವರು ಬ್ಯಾಂಕಿನ ಸಾಹೇಬರು. ಭಾನುವಾರ, ಇಸ್ತ್ರಿ ಮಾಡಿದ ಅಂಗಿ, ಸುತ್ತ ಮಂದಿ. "ಭಾಳ ಛಲೋ ಐತಿ ಚಾಚಾ, ಮನ್ಯಾಗ ಒಂದು ಮಾಡ್ಸಬೇಕು ನಾನು" ಎಂದರು. ಹತ್ತು ನಿಮಿಷಕ್ಕೆ ಎಡಕ್ಕೆ ವಾಲಿದರು. ಇಪ್ಪತ್ತಕ್ಕೆ ಬಲಕ್ಕೆ. ಅರ್ಧ ಗಂಟೆಗೆ ಮೊಣಕಾಲು ಹಲಗೆಗೆ ತಾಗಿಸಿ ಮುಖ ಹುಳ್ಳಗೆ ಮಾಡಿಕೊಂಡರು.

"ನೀವು ಇದನ್ನ ಬೇಕಂತ ಗಟ್ಟಿ ಮಾಡೀರಿ."

"ಇಲ್ರಿ ಸಾಹೇಬ್ರ, ಗಾಡ್ಯಾಗಿನದಕ್ಕಿಂತ ಒಂದು ಬೆರಳು ಮೆತ್ತಗ ಮಾಡೇನಿ. ಎಷ್ಟಂದ್ರೂ ನೀವು ನಮ್ಮ ಊರವ್ರು."

ಸಿಂದಗಿ ಬಸ್ಸಿಗೆ ಕಾಯುವವರು ಕೂತರು, ಮುದ್ದೇಬಿಹಾಳದ ಬಸ್ಸಿಳಿದವರು ಕೂತರು. ತಾಳಿಕೋಟೆಯ ಧಡೂತಿ ವ್ಯಾಪಾರಿಯೊಬ್ಬರು ಕೂತು ಏಳಲಾಗದೆ, ಇಬ್ಬರು ಎಳೆದು ಬಿಡಿಸಿಕೊಂಡರು. ಮೊಮ್ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ ಇಂಗಳೇಶ್ವರದ ಅಜ್ಜಿಯೊಬ್ಬಳು ಕೂತು, ಅತ್ತಿತ್ತ ನೋಡಿ, "ಇದರಾಗ ಕೂಸಿನ್ನ ಎಲ್ಲಿ ಮಲಗಸೂದೋ ಯಪ್ಪಾ?" ಎಂದಳು. ನಮ್ಮ ಅಭಿನಂದನಾ ಪತ್ರ ಬರೆಯುವಾಗ ಈ ಪ್ರಶ್ನೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಊರಿನ ಮಾತು ಉಲ್ಟಾ ಹೊಡೆಯಿತು. ಹೊಗಳಿದವರೇ ಬೈಯತೊಡಗಿದರು. ಹೊಸ ಗಾಡಿ ಬರೀ ತಗಡು, ಹಳೆಯದೇ ಬಂಗಾರ, ಮೊದಲೇ ನಾವು ಹೇಳಿದ್ದೆವು. ಯಾರು ಹೇಳಿದ್ದರು? ದೇವರೇ ಬಲ್ಲ. ಚಾಚಾ ಇದಕ್ಕೆ ಖುಷಿಪಟ್ಟಾರೆಂದು ನಾನು ತಿಳಿದಿದ್ದೆ. ಅವರು ಕೆಂಡವಾದರು.

"ಗಾಡಿ ಕೆಟ್ಟಿಲ್ಲ! ಸ್ವಚ್ಛ ಐತಿ, ಹೊತ್ತಿಗೆ ಬರ್ತೈತಿ, ಮೂಗು ಮುಚ್ಚಗೊಂಡು ಕುಂಡ್ರೂದು ತಪ್ಪೇತಿ. ಸೀಟು ತಪ್ಪು ಐತಿ, ಸೀಟು ತಪ್ಪು ಐತಿ ಅನ್ರಿ. ನಿನ್ನೆ ಎಲ್ಲಾ ಚಲೋ, ಇವತ್ತ ಎಲ್ಲಾ ಹೊಲಸು. ನಿಮ್ಮ ನಾಲಿಗಿ ಒಂದ ಕಡೆ ನಿಲ್ಲೂದಿಲ್ಲೇನು?"

ಮತ್ತೆ ನಾನೇ ರೈಲಿನ ಕಚೇರಿಗೆ ಬರೆದೆ. ಒಂದೊಂದು ಬೋಗಿಯಲ್ಲಿ ಒಂದು ಸಾಲಿನ ಕೈಗಳನ್ನಾದರೂ ಮೇಲೆತ್ತಲು ಬರುವಂತೆ ಮಾಡಿ, ಕಾಯಿಲೆಯವರಿಗೆ, ಬಾಣಂತಿಯರಿಗೆ ಅನುಕೂಲವಾಗುತ್ತದೆ ಎಂದು. ಉತ್ತರ ಬಂತು. ಪ್ರಯಾಣಿಕರು ಆಸನಗಳ ಬಗ್ಗೆ ಪೂರ್ಣ ತೃಪ್ತರಾಗಿದ್ದಾರೆ, ಪುರಾವೆಗೆ ಪ್ರಯಾಣಿಕರದೇ ಪತ್ರ ಲಗತ್ತಿಸಿದೆ. ಲಗತ್ತಿಸಿದ್ದು ನನ್ನ ಪತ್ರದ ಜೆರಾಕ್ಸ್. ಕನಸಿನಲ್ಲಿಯೂ ಕಾಣದ ಸುಖಾಸನ, ನನ್ನದೇ ದುಂಡು ಅಕ್ಷರದಲ್ಲಿ. ಅದನ್ನು ಚಾಚಾರಿಗೆ ತೋರಿಸಲು ನನಗೆ ನಾಲ್ಕು ದಿನ ಧೈರ್ಯ ಬರಲಿಲ್ಲ. ತೋರಿಸಿದಾಗ ಅವರು ಕಾಗದವನ್ನು ದೂರ ಹಿಡಿದು ನೋಡಿದರು.

"ಅಕ್ಷರ ಭಾಳ ಚಂದ ಅದಾವ್ರಿ ಅಕ್ಕೋರ" ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸಿದ ನನಗೆ ಅಂದು ನನ್ನ ಕೈಯ ಮೇಲೆಯೇ ಹೇಸಿಗೆ ಬಂತು.

ಮರುದಿನ ಗುರುವಾರ, ಎಷ್ಟೋ ವಾರಗಳ ಮೇಲೆ ಚಾಚಿ ಮತ್ತೆ ವ್ಯಾಯಾಮಕ್ಕೆ ಬಂದಿದ್ದರು. ಸಂಜೆ ವಿಜಯಪುರದಲ್ಲಿ ಚಾಚಾ ಹೆಂಡತಿಯನ್ನು ತಾಳ್ಮೆಯಿಂದ ಹತ್ತಿಸಿದರು. ನಾವು ಮೂರು ಸೀಟು ಬಿಟ್ಟೆವು. ಅವರು ಜುಬ್ಬಾದ ಜೇಬಿನಿಂದ ನಟ್ಟು ಬಿಚ್ಚುವ ಪಾನಾ ತೆಗೆದರು. 

"ಅಂಗೈ ಹಿಡೀರಿ ಅಕ್ಕೋರ. ಒಂದ ಬೋಲ್ಟೂ ಕೆಳಗ ಬೀಳಬಾರದು."

ಹಿಡಿದೆ. ಸುಣ್ಣದ ಬಳಪ ಹಿಡಿದು ಒಣಗಿದ ನನ್ನ ಅಂಗೈಯಲ್ಲಿ ಒಂದೊಂದಾಗಿ ಬೋಲ್ಟು ಬಂದು ಬಿದ್ದವು. ಎರಡು ಕೈಗಳನ್ನು ಬಿಚ್ಚಿ, ಗೀರು ಬೀಳದಂತೆ ಟವೆಲ್ಲಿನಲ್ಲಿ ಸುತ್ತಿ, ಮೇಲಿನ ಅಟ್ಟಣಿಗೆಯಲ್ಲಿ ಇಟ್ಟರು. ಚಾಚಿ ಮೈ ಚಾಚಿದರು. ಅವರ ಬಾಯಿಂದ ಬಂದ ಆ ಒಂದು ಉಸಿರನ್ನು ಇಡೀ ಬೋಗಿ ಕೇಳಿತು.

ಟಿಸಿ ಬಂದ. ಹೊಸ ಹುಡುಗನಲ್ಲ, ನಮ್ಮನ್ನೆಲ್ಲ ಬಲ್ಲ ಮನುಷ್ಯ. ಆದರೂ ಗಾಬರಿಯಾದ.

"ಇದು ಸರ್ಕಾರಿ ಆಸ್ತಿ, ಗೊತ್ತೈತಿಲ್ಲ?"

"ಗೊತ್ತೈತ್ರಿ. ಅದಕ್ಕ ಜ್ವಾಕಿಲೆ, ಏನೂ ಮುರೀದಂಗ ಬಿಚ್ಚೇನಿ. ನಮ್ಮ ಸ್ಟೇಷನ್ ಬರೂದ್ರಾಗ ಹೊಳ್ಳಿ ಜೋಡಸ್ತೇನಿ. ಇಕಿ ಬೆನ್ನು ಮುರದ್ರ ಹೊಳ್ಳಿ ಜೋಡ್ಸಾಕ ನನಗ ಬರೂದಿಲ್ಲ."

"ಹೆಸರು ಬರಕೋಬೇಕಾಗ್ತೈತಿ ನಾನು."

"ಬರಕೋರಿ. ಅಂಗಡಿ ವಿಳಾಸಾನೂ ಹೇಳ್ತೇನಿ, ತಡೀರಿ."

ಬರೆದುಕೊಂಡ. ಸ್ಟೇಷನ್ ಹತ್ತಿರ ಬಂದಾಗ ಚಾಚಾ ಮಾತಿನಂತೆ ಕೈಗಳನ್ನು ಮತ್ತೆ ಕೂಡಿಸಿದರು. ಬಿಚ್ಚಿದ್ದು ಯಾವುದೆಂದು ಹುಡುಕಿದರೂ ತಿಳಿಯುತ್ತಿರಲಿಲ್ಲ. ಹದಿನೈದು ದಿನಕ್ಕೆ ನೋಟಿಸು ಬಂತು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಇಲ್ಲಿಗೇ ಬಿಡುತ್ತೇವೆ ಎಂದಿತ್ತು. ಚಾಚಾ ನನ್ನನ್ನು ಅಂಗಡಿಗೆ ಕರೆಸಿ ಹೇಳಿ ಬರೆಸಿದರು.

"ಬರೀರಿ. ಬಿಚ್ಚಿದ್ದು ಖರೆ. ಜೋಡಿಸಿದ್ದೂ ಖರೆ. ಮೊದಲಿಂದ ಸಡಲಿದ್ದ ಎರಡು ಬೋಲ್ಟು ಬಿಗಿ ಮಾಡಿ ಕೊಟ್ಟೇನಿ. ಅದಕ್ಕ ನೀವು ನನಗ ಒಂದು ಕಾಗದ ಬರೀಬೇಕಾಗಿತ್ತು, ಬರದಿಲ್ಲ, ಇರ್ಲಿ. ಸೋಮವಾರ ಮತ್ತ ಬಿಚ್ಚತೇನಿ."

ಕೊನೆಗೆ 'ವಿಷಾದಿಸುತ್ತೇನೆ' ಎಂಬ ಒಂದು ಶಬ್ದ ಸೇರಿಸೋಣವೇ, ಕಾಗದ ಮೆತ್ತಗಾಗುತ್ತದೆ ಎಂದೆ.

"ಆ ಶಬ್ದ ನಿಮ್ಮದ್ರಿ, ನನ್ನದಲ್ಲ. ನಾ ಹೊಲಿಯೂದು ಸೀಟು. ಕಾಗದ ಮೆತ್ತಗ ಮಾಡಿ ನನಗೇನಾಗೂದೈತಿ?"

ಮೂರು ತಿಂಗಳಿಗೂ ಮಿಕ್ಕಿ ಹೀಗೆಯೇ ನಡೆಯಿತು. ವಾರಕ್ಕೆರಡು ಸಲ ಬಿಚ್ಚುವುದು, ಕೂಡಿಸುವುದು. ಎರಡನೆಯ ನೋಟಿಸು ಬಂತು, ಮೂರನೆಯದೂ ಬಂತು. ಟಿಸಿ ಪ್ರತಿ ಸಲ ಬರೆದುಕೊಳ್ಳುತ್ತಿದ್ದ, ಚಾಚಾ ಪ್ರತಿ ಸಲ ಹೆಸರು ಹೇಳುತ್ತಿದ್ದರು. ಚಾಚಿ ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರು, ಆಮೇಲೆ ಹತ್ತು. ನಡುವೆ ತಪ್ಪಿದ ವಾರಗಳನ್ನು ಡಾಕ್ಟರು ಮುಂದಕ್ಕೆ ಸೇರಿಸಿದ್ದರಿಂದ ಆರು ತಿಂಗಳಿಗೆ ಇನ್ನೂ ಎಂಟು ವಾರ ಉಳಿದಿದ್ದವು. ಒಂದು ಮಧ್ಯಾಹ್ನ ಚಾಚಾ ಶಾಲೆಯ ವ್ಯಾನಿನ ಸೀಟು ಹೊಲಿದು ಮುಗಿಸಿ, ಅದರ ಮೇಲೆ ಕೂತು ಬುತ್ತಿ ಉಂಡು, ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಹಾಗೆಯೇ ಒರಗಿದರು. ಡಾಕ್ಟರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾತನಾಡಿಸಲು ಹೋದಾಗ ಚಾಚಿ ಗೋಡೆಗೆ ದಿಂಬು ಕೊಟ್ಟು ಒರಗಿದ್ದರು. ನಾನು ಅತ್ತುಬಿಟ್ಟೆ, ಅವರೇ ನನ್ನನ್ನು ಸಮಾಧಾನ ಮಾಡಿದರು. "ಊರ ಮಂದಿಗೆಲ್ಲ ಸೀಟು ಹೊಲದ್ರು. ನಮ್ಮ ಮನಿ ಕುರ್ಚಿ ನೋಡ್ರಿ, ಕಲ್ಲಿನಂಗ ಐತಿ. ಮೆತ್ತಗ ಮಾಡ್ರಿ ಅಂದ್ರ, ನಿನಗ ತಿಳೀದಿಲ್ಲ ಸುಮ್ಮಕಿರು ಅನ್ನಾವ್ರು. ಅವ್ರಿಗೆ ಯಾರ್ ಹೇಳ್ಬೇಕ್ರಿ?" ಎಂದು ನಕ್ಕರು. ನಕ್ಕು ಮುಗಿಯುವುದರೊಳಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. 

ಗಂಡ ತೀರಿದ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವುದು ಅವರಲ್ಲಿ ರೂಢಿ. ಹಾಗಾದರೆ ವ್ಯಾಯಾಮ ನಿಂತಿತು, ಇಷ್ಟು ದಿನ ಬಿಚ್ಚಿ ಕೂಡಿಸಿದ್ದೆಲ್ಲ ನೀರಿಗೆ ಹೋಯಿತು ಎಂದು ನಾನು ಒಳಗೊಳಗೇ ಕುದಿದೆ. ಆದರೆ ಉಪಚಾರಕ್ಕೆ ಹೋಗಿಬರಲು ಅಡ್ಡಿಯಿಲ್ಲ ಎಂದು ಮೌಲವಿಗಳೇ ಹೇಳಿದರಂತೆ. ನೆಂಟರಲ್ಲಿ ಕೆಲವರು ಗೊಣಗಿದಾಗ ಚಾಚಿ, "ಮೌಲವಿಗಳಿಗಿಂತ ನೀವು ಹೆಚ್ಚು ಓದೀರೇನು?" ಎಂದು ಕೇಳಿದರಂತೆ.

ಮೊನ್ನೆ ಗುರುವಾರ ಸಂಜೆ ವಿಜಯಪುರದಲ್ಲಿ ಅವರು ತಮ್ಮನ ಮಗಳ ಹೆಗಲು ಹಿಡಿದು ಗಾಡಿ ಹತ್ತಿದರು. ನಾವು ಮೂರು ಸೀಟು ಬಿಟ್ಟೆವು.  ಸೀಟಿನ ಕೈಗಳು ಬಿಗಿದಂತೆಯೇ ಇದ್ದವು. ನಾನು ಹೆಗಲಚೀಲಕ್ಕೆ ಕೈ ಹಾಕಿದೆ. ಎರಡು ವಾರದಿಂದ ಉತ್ತರಪತ್ರಿಕೆಗಳ ಕೆಳಗೆ ಒಂದು ಪಾನಾ ಇಟ್ಟುಕೊಂಡು ಓಡಾಡುತ್ತಿದ್ದೆ. ಅದನ್ನು ತೆಗೆಯುವುದರೊಳಗೆ ಬ್ಯಾಂಕಿನ ಸಾಹೇಬರು ತಮ್ಮ ಚರ್ಮದ ಬ್ಯಾಗಿನಿಂದ ಇನ್ನೊಂದು ತೆಗೆದಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಬ್ಬರೂ ಮಂಡಿಯೂರಿ ತಿರುವಿದೆವು. ಬೋಲ್ಟು ಮತ್ತಷ್ಟು ಬಿಗಿಯಾಯಿತು.

"ಎಡಕ್ಕ ತಿರುವ್ರಿ ಸಾಹೇಬ್ರ" ಎಂದರು ಚಾಚಿ, ನಿಂತುಕೊಂಡೇ. "ಬ್ಯಾಂಕಿನ್ಯಾಗ ಇಷ್ಟೂ ಕಲಸೂದಿಲ್ಲೇನು?"

ಎಡಕ್ಕೆ ತಿರುವಿದೆವು. ಬಿಚ್ಚಿತು. ಚಾಚಿ ಮಲಗಿ ಕಣ್ಣು ಮುಚ್ಚಿದರು. ಗಾಡಿ ಊರು ದಾಟಿ ಓಡತೊಡಗಿದಾಗ ಟಿಸಿ ಬಂದ. ಮಲಗಿದ್ದ ಚಾಚಿಯನ್ನು ನೋಡಿದ, ಅಟ್ಟಣಿಗೆಯಲ್ಲಿ ಸುತ್ತಿಟ್ಟ ಸೀಟಿನ ಕೈಗಳನ್ನು ನೋಡಿದ, ನಮ್ಮಿಬ್ಬರ ಎಣ್ಣೆ ಹತ್ತಿದ ಬೆರಳುಗಳನ್ನೂ ನೋಡಿದ.

"ಇನ್ನ ಯಾರ ಹೆಸರು ಬರಕೋಬೇಕ್ರಿ ನಾನು?" ಎಂದ. ದನಿಯಲ್ಲಿ ಜೋರಿರಲಿಲ್ಲ.

ಸಾಹೇಬರು ಬಾಯಿ ತೆರೆದರು. ನಾನೂ ತೆರೆದೆ. ಅಷ್ಟರಲ್ಲಿ ಚಾಚಿ ಕಣ್ಣು ಬಿಡದೆ ಕೈಯೆತ್ತಿದರು.

"ನನ್ನ ಹೆಸರು ಬರಕೋರಿ. ನಮ್ಮ ಮನ್ಯಾರ ಹೆಸರು ನಿಮ್ಮ ಪುಸ್ತಕದಾಗ ಐತಲ್ಲ, ಅದರ ಬಾಜೂಕ ಬರೀರಿ."

ಅವನು ಪೆನ್ನು ತೆಗೆದು ಹಿಂದಿನ ಪುಟಕ್ಕೆ ತಿರುವಿದ. ಚಾಚಿ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದರು.